ಪಂಕ್ತಿ ಮುಗಿಯುವ ಮುಂಚೆ ಏಳಬೇಡ

ಭಾನುವಾರ ಮನೆಮಂದಿಯನ್ನೆಲ್ಲ ಹೊಳೆ ದಂಡೆಗೆ ಊಟಕ್ಕೆ ಕರೆದೊಯ್ಯಬೇಕು ಅಂತ ಹೊರಟಿದ್ದೀಯಲ್ಲ, ಒಳ್ಳೆಯದು ಮಗಾ. ಸಂಬಳ ಬಂದ ಕೈ ಮೊದಲು ಅಪ್ಪ ಅವ್ವನ ಊಟದ ಕಡೆ ತಿರುಗಿತು ಅಂದರೆ ನಿನ್ನಲ್ಲಿ ಹುರುಳಿದೆ. ಆದರೆ ನಿನ್ನ ಗಡಿಬಿಡಿಯೂ ನನಗೆ ಗೊತ್ತು. ಫೋನಿನಲ್ಲಿ ಜಾಗ ಹುಡುಕಿ, ಯಾರ‍್ಯಾರು ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಅಂತ ನೋಡಿ, ಕಾರಿಗೆ ಎಲ್ಲರನ್ನೂ ತುಂಬಿ, ಹನ್ನೆರಡಕ್ಕೆ ಹೋಗಿ ಎರಡಕ್ಕೆ ಬಂದುಬಿಡೋಣ ಅನ್ನುತ್ತೀಯ. ಆ ಲೆಕ್ಕದಲ್ಲಿ ಊಟ ಇದೆ, ಹೊಳೆ ಇದೆ, ಫೋಟೋ ಇದೆ. ನಿಧಾನವಾಗಿ ನಡೆಯುವವರಿಗೆ, ನಿಧಾನವಾಗಿ ಅಗಿಯುವವರಿಗೆ ಮಾತ್ರ ಜಾಗ ಇಲ್ಲ. ಅದಕ್ಕೇ ಹೊರಡುವ ಮುಂಚೆ ನನ್ನ ಮಾತು ಒಂದಿಷ್ಟು ಕಿವಿಗೆ ಹಾಕಿಕೊಂಡು ಹೋಗು.

ನಿನ್ನ ತಲೆಯಲ್ಲಿರುವ ಚಿತ್ರ ಎಲ್ಲಿಂದ ಬಂತು ಅಂತಲೂ ಬಲ್ಲೆ. ಇಂಗ್ಲೆಂಡಿಗೆ ಕೆಲಸಕ್ಕೆ ಹೋದ ನಮ್ಮ ಕಡೆಯ ಹುಡುಗರು ಫೋಟೋ ಕಳಿಸುತ್ತಾರೆ. ನದಿ ದಂಡೆಯಲ್ಲಿ ಹಳ್ಳಿ ಪಬ್ಬು, ಹೊರಗೆ ಬಯಲಲ್ಲಿ ಮರದ ಬೆಂಚು. ಅಜ್ಜ, ಅಜ್ಜಿ, ಕೈಗೂಸು, ಸಾಕಿದ ನಾಯಿ, ಎಲ್ಲ ಒಂದೇ ಕಡೆ. ಆಕ್ಸ್‌ಫರ್ಡ್ ಹತ್ತಿರ ಥೇಮ್ಸ್ ದಂಡೆಯಲ್ಲಿ ಟ್ರೌಟ್ ಅಂತ ಹೆಸರುವಾಸಿ ಹಳೆಯ ಪಬ್ಬಿದೆ, ಅಂಥದ್ದು. ಭಾನುವಾರ ಮಧ್ಯಾಹ್ನ ಹುರಿದ ಮಾಂಸ, ಆಲೂಗಡ್ಡೆ, ಬೇಯಿಸಿದ ತರಕಾರಿ ಉಣ್ಣುವುದು ಅವರ ಪದ್ಧತಿ. ಒಬ್ಬರ ಮುಂದೆ ಬಿಯರ್, ಪಕ್ಕದವರ ಮುಂದೆ ನಿಂಬೆ ಪಾನಕ. ನೋಡಿದರೆ ಆಸೆಯಾಗುತ್ತದೆ, ಆಗಲಿ.

ಈಗ ನಮ್ಮ ದಾವಣಗೆರೆಯ ಪಿ.ಬಿ. ರೋಡಿನಿಂದ ಹೈವೇ ತನಕ ಬೋರ್ಡು ಓದುತ್ತಾ ಹೋಗು. ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್ ಅಂತ ದೊಡ್ಡ ಅಕ್ಷರ ಕಾಣುತ್ತದೆ. ಒಳಗೆ ಹೋದರೆ ಎಷ್ಟೋ ಕಡೆ ಹಗಲಲ್ಲೂ ಕತ್ತಲೆ. ಫ್ಯಾಮಿಲಿ ಅಂದರೆ ಮೂಲೆಯಲ್ಲಿ ಪರದೆ ಬಿಟ್ಟ ಒಂದು ಕೋಣೆ. ಹೆಣ್ಣುಮಗಳು ಒಳಗೆ ಕಾಲಿಟ್ಟರೆ ಹತ್ತು ಮೇಜಿನ ತಲೆಗಳು ತಿರುಗುತ್ತವೆ. ಹೆಂಗಸರನ್ನೂ ಮಕ್ಕಳನ್ನೂ ಪರದೆ ಹಿಂದೆ ಬಚ್ಚಿಟ್ಟು ಉಣಿಸುವ ಜಾಗವನ್ನು ನಾನು ಮನೆಮಂದಿಯ ಜಾಗ ಅನ್ನಲಾರೆ. ಚೊಕ್ಕಟವಾಗಿ, ಮರ್ಯಾದೆಯಿಂದ ನಡೆಸುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹುಡುಕಿ ಹೋಗು. ಆದರೆ ಒಂದು ಮಾತು ತಿಳಿದುಕೋ. ಆ ಫೋಟೋದಲ್ಲಿ ನಿನ್ನನ್ನು ಸೆಳೆದದ್ದು ಬಿಯರ್ ಗ್ಲಾಸಲ್ಲ. ಮೂರು ತಲೆಮಾರು ಬಯಲಲ್ಲಿ, ಬಿಸಿಲಲ್ಲಿ, ಯಾವ ಅವಸರವೂ ಇಲ್ಲದೆ ಒಟ್ಟಿಗೆ ಕೂತಿದ್ದು ನಿನ್ನನ್ನು ಸೆಳೆದದ್ದು. ಅದಕ್ಕೆ ಥೇಮ್ಸ್ ತನಕ ಹೋಗಬೇಕಿಲ್ಲ. ದಾವಣಗೆರೆಯಿಂದ 14 ಕಿಲೋಮೀಟರು ಹೋದರೆ ಹರಿಹರದ ದಂಡೆಯಲ್ಲಿ ಅದು ನಿನ್ನ ಮುತ್ತಜ್ಜಿಯ ಕಾಲದಿಂದ ನಡೆದು ಬಂದಿದೆ.

ಸಂಕ್ರಾಂತಿ ದಿನ ಹೋಗಿ ನೋಡು. ಬೆಳಗಾಗುವ ಮೊದಲೇ ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ ಜನ ಬರುತ್ತಾರೆ. ತುಂಗಭದ್ರೆಯಲ್ಲಿ ಮುಳುಗಿ ಏಳುತ್ತಾರೆ, ಹರಿಹರೇಶ್ವರನಿಗೆ ಕೈ ಮುಗಿಯುತ್ತಾರೆ, ಆಮೇಲೆ ನೆರಳು ನೋಡಿ ಜಮಖಾನ ಹಾಸಿ ಬುತ್ತಿ ಬಿಚ್ಚುತ್ತಾರೆ. ಹೊಳೆಗೆ ಹೋಗಲಾಗದವರು ಕೊಂಡಜ್ಜಿ ಕೆರೆ, ಬಾತಿ ಗುಡ್ಡ, ಊರೊಳಗಿನ ಪಾರ್ಕು ಹಿಡಿಯುತ್ತಾರೆ. ಚನ್ನಗಿರಿ ಕಡೆಯವರಿಗೆ ಸೂಳೆಕೆರೆ ಇದೆ. ಬುತ್ತಿಯೊಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕೆಂಪುಖಾರ, ಶೇಂಗಾ ಹೋಳಿಗೆ, ಮೊಸರನ್ನ. ಜೊತೆಗೆ ಹಸಿ ಗಜ್ಜರಿ, ಮುಷ್ಟಿಯಲ್ಲಿ ಗುದ್ದಿ ಒಡೆದ ಈರುಳ್ಳಿ.

ಇದು ಸುಮ್ಮನೆ ಬಾಯಿರುಚಿಗೆ ಕೂಡಿಸಿದ ಪಟ್ಟಿ ಅಂದುಕೊಳ್ಳಬೇಡ. ನಿನ್ನ ಅಜ್ಜಿಯರು ಲೆಕ್ಕ ಹಾಕಿ ಕಟ್ಟಿದ ಬುತ್ತಿ ಅದು. ಖಡಕ್ ರೊಟ್ಟಿಯಲ್ಲಿ ನೀರಿನಂಶ ಉಳಿದಿರುವುದಿಲ್ಲ, ವಾರ ಇಟ್ಟರೂ ಬೂಸ್ಟು ಹಿಡಿಯುವುದಿಲ್ಲ. ಎಣ್ಣೆಗಾಯಿಗೆ ಎಣ್ಣೆ ಧಾರಾಳ, ಮಸಾಲೆ ಗಟ್ಟಿ, ಅದಕ್ಕೇ ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಇನ್ನೂ ಹದವಾಗಿರುತ್ತದೆ. ಮೊಸರನ್ನಕ್ಕೆ ಮೊಸರು ಸ್ವಲ್ಪ, ಹಾಲು ಜಾಸ್ತಿ. ಬಿಸಿಲಲ್ಲಿ ದಾರಿ ನಡೆಯುವಷ್ಟರಲ್ಲಿ ಅದು ತಾನೇ ಹದಕ್ಕೆ ಬರುತ್ತದೆ, ಹುಳಿಯಾಗುವುದಿಲ್ಲ. ಪುಡಿಗಳು ಚೆಲ್ಲುವುದಿಲ್ಲ, ಸೋರುವುದಿಲ್ಲ. ನೀನು ಡಬ್ಬಿಯಲ್ಲಿ ಸಾರು ಕಟ್ಟಿಕೊಂಡು ಹೋಗಿ ಕಾರಿನ ಸೀಟಿಗೆಲ್ಲ ಸುರಿದುಕೊಂಡರೆ ಆಮೇಲೆ ನನ್ನನ್ನು ನೆನೆಸಿಕೊಳ್ಳುತ್ತೀಯ.

ಇನ್ನೊಂದು ಸಂಗತಿ ಇದೆ, ಅದನ್ನು ನಿನಗೆ ಯಾರೂ ಹೇಳಿರಲಾರರು. ನಾವು ಸೊಸೆಯಂದಿರಾಗಿ ಬಂದ ಕಾಲಕ್ಕೆ ಹೆಂಗಸರು ಹೋಟೆಲ್ ಮೆಟ್ಟಿಲು ಹತ್ತುತ್ತಿರಲಿಲ್ಲ. ಮನೆಯಲ್ಲಿ ಮೊದಲ ಪಂಕ್ತಿ ಗಂಡಸರದು, ಎರಡನೆಯದು ಮಕ್ಕಳದು. ಎಲ್ಲರಿಗೂ ಬಿಸಿ ರೊಟ್ಟಿ ತಟ್ಟಿ ಹಾಕಿ, ಒಲೆ ಆರುವ ಹೊತ್ತಿಗೆ ನಾವು ಉಳಿದಿದ್ದನ್ನು ಉಣ್ಣುತ್ತಿದ್ದೆವು. ಹೊಳೆ ದಂಡೆಯಲ್ಲಿ ಮಾತ್ರ ಅತ್ತೆ, ಸೊಸೆ, ಮಾವ, ಮೈದುನ, ಮಕ್ಕಳು ಎಲ್ಲ ಒಂದೇ ಸುತ್ತಿನಲ್ಲಿ ಕೂರುತ್ತಿದ್ದೆವು. ಅಲ್ಲಿ ಒಲೆಯೇ ಇಲ್ಲ, ಎದ್ದು ಓಡುವ ಕೆಲಸವೇ ಇಲ್ಲ. ನಡುವೆ ಬುತ್ತಿ, ಸುತ್ತ ಕೈಗಳು. ವರ್ಷಕ್ಕೆ ಒಂದು ದಿನ ಬಿಸಿಲಿಗೆ ಮುಖ ಕೊಟ್ಟು, ಹೊಳೆ ನೋಡುತ್ತಾ, ಯಾರೂ ಕರೆಯದ ಹಾಗೆ ಉಂಡ ಊಟ ಅದು. ಅವತ್ತಿನ ರುಚಿ ಯಾವ ಹೋಟೆಲಿನಲ್ಲೂ ಇಲ್ಲ ಅಂತ ನಮ್ಮ ವಾರಗೆಯ ಹೆಂಗಸರು ಈಗಲೂ ಹೇಳುತ್ತಾರೆ. ನಾನೂ ಹೇಳುತ್ತೇನೆ.

ಆ ರುಚಿ ಬರೀ ಅಡುಗೆಯದಲ್ಲ, ನಿಧಾನದ್ದು. ನಮ್ಮ ಊರಿನವರಿಗೆ ಆ ನಿಧಾನ ಕಷ್ಟ. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಪಾಳಿ ಬದಲಾಗುವ ಹೊತ್ತಿಗೆ ಖಾನಾವಳಿ ತುಂಬಬೇಕು, ಖಾಲಿಯಾಗಬೇಕು. ಆ ಅವಸರ ಊರಿನ ಕೈಗೆ ಅಂಟಿಕೊಂಡಿದೆ. ಮಂಡಕ್ಕಿ ಮಿರ್ಚಿ ನಿಂತೇ ಮುಗಿಯುತ್ತದೆ. ಬೆಣ್ಣೆದೋಸೆಯೂ ಹಾಗೇ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿ ದೋಸೆ ಹಾಕಲು ಶುರು ಮಾಡಿದಳು ಅಂತ ಊರು ಹೇಳುತ್ತದೆ. ಆ ದೋಸೆ ಹೆಂಚಿನಿಂದ ಇಳಿದ ಕೂಡಲೇ, ಅಂಚು ಗರಿಗರಿ ಇರುವಾಗ, ಮೇಲಿನ ಬೆಣ್ಣೆ ಕರಗುತ್ತಿರುವಾಗ ಹೊಟ್ಟೆಗೆ ಹೋಗಬೇಕು. ನಿನ್ನ ಕುರ್ಚಿಯ ಬೆನ್ನಿಗೆ ಮುಂದಿನ ಗಿರಾಕಿ ಕೈಯಿಟ್ಟು ಕಾಯುತ್ತಿರುತ್ತಾನೆ. ಅಲ್ಲಿ ಬೇಗ ತಿಂದು ಏಳುವುದೇ ಮರ್ಯಾದೆ. ಆ ಮರ್ಯಾದೆಯನ್ನು ಹೊಳೆ ದಂಡೆಗೆ ತರಬೇಡ.

ಅಲ್ಲಿ ನಡೆಯಬೇಕಾದದ್ದು ಪಂಕ್ತಿಯ ಮರ್ಯಾದೆ. ಮಠದಲ್ಲಿ, ಮದುವೆಯಲ್ಲಿ ನೆಲದ ಮೇಲೆ ಸಾಲಾಗಿ ಕೂತು ಉಂಡಿದ್ದೀಯಲ್ಲ? ನಿನ್ನ ಎಲೆ ಖಾಲಿಯಾಯಿತು ಅಂತ ಎದ್ದುಬಿಡುವ ಹಾಗಿಲ್ಲ. ಸಾಲಿನ ಕೊನೆಯ ಅಜ್ಜನ ಮಜ್ಜಿಗೆ ಅನ್ನ ಮುಗಿಯಬೇಕು, ಆಗ ಎಲ್ಲರೂ ಏಳಬೇಕು. ನನ್ನ ಇಡೀ ಕಿವಿಮಾತು ಇಷ್ಟೇ ಅನ್ನು. ನೀನು ಬುತ್ತಿ ಕಟ್ಟಿಕೊಂಡು ಹೋಗು, ಇಲ್ಲವೇ ಹೊಳೆ ಕಾಣುವ ಹೋಟೆಲಿಗೇ ಹೋಗು. ನಿನ್ನ ಕೈ ಮಾತ್ರ ಎಲ್ಲರಿಗಿಂತ ನಿಧಾನವಾಗಿ ಉಣ್ಣುವವರ ಕೈಯ ಜೊತೆ ನಡೆಯಲಿ.

ಯಾಕೆ ಅಂತ ಕೇಳು. ಹಲ್ಲು ಬಿದ್ದ ಅಜ್ಜ ಖಡಕ್ ರೊಟ್ಟಿಯನ್ನು ಪುಡಿ ಮಾಡಿ ಮಜ್ಜಿಗೆಯಲ್ಲಿ ನೆನೆಹಾಕಿ ಉಣ್ಣುತ್ತಾನೆ. ಅದು ನೆನೆಯಲು ಹೊತ್ತು ಬೇಕು, ಗುಟುಕರಿಸಲು ಇನ್ನೂ ಹೊತ್ತು ಬೇಕು. ಅಷ್ಟರಲ್ಲಿ ನೀನು ಕೈ ತೊಳೆದು ಬಂದು ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತಿರುತ್ತೀಯ. ಬಾಯಲ್ಲಿ ಏನೂ ಅನ್ನುವುದಿಲ್ಲ, ಆ ಕೀಲಿ ಝಣಝಣ ಅನ್ನುತ್ತದೆ. ಅಜ್ಜ ತಟ್ಟೆ ಸರಿಸಿ ಸಾಕಪ್ಪ, ಹೊಟ್ಟೆ ತುಂಬಿತು ಅನ್ನುತ್ತಾನೆ. ಹಿರಿಯರ ಹೊಟ್ಟೆ ಹಾಗೆ ಒಮ್ಮೆಲೇ ತುಂಬುವುದಿಲ್ಲ ಮಗಾ. ನಿನಗೆ ಹೊತ್ತಾಗುತ್ತದೆ ಅಂತ ಅವರೇ ಅರ್ಧಕ್ಕೆ ಏಳುತ್ತಾರೆ. ಆ ಅರ್ಧ ತಟ್ಟೆ ನಿನ್ನ ಲೆಕ್ಕಕ್ಕೆ ಬರುತ್ತದೆ.

ಹೋಟೆಲಿಗೇ ಹೋಗುವುದಾದರೆ ಮೊದಲು ಮೆನು ಕೇಳಬೇಡ. ಮೆಟ್ಟಿಲು ಎಷ್ಟಿವೆ, ಬೆನ್ನಿಗೆ ಆಸರೆ ಇರುವ ಕುರ್ಚಿ ಇದೆಯೋ, ಹೆಣ್ಣುಮಕ್ಕಳಿಗೆ ಚೊಕ್ಕಟ ಶೌಚಾಲಯ ಇದೆಯೋ ಅಂತ ಫೋನು ಮಾಡಿ ವಿಚಾರಿಸು. ಹೊಳೆ ಚೆನ್ನಾಗಿ ಕಾಣುವ ಕುರ್ಚಿ ನಿನಗಲ್ಲ, ನಿನ್ನ ಅವ್ವನಿಗೆ. ಅವಳು ಮನೆಯ ಗೋಡೆ ನೋಡಿದ್ದು ಸಾಕು. ಏನು ಬೇಕವ್ವ ಅಂತ ಕೇಳಿದರೆ ನೀವೇನು ತಿಂತೀರೋ ಅದೇ ಇರಲಿ ಅನ್ನುತ್ತಾಳೆ. ಅಲ್ಲಿಗೇ ಬಿಡಬೇಡ, ಇನ್ನೊಂದು ಸಲ ಕೇಳು. ಎರಡನೆಯ ಸಲ ಕೇಳಿದಾಗ ನಿಜ ಹೊರಬರುತ್ತದೆ. ಅಪ್ಪನ ಕಣ್ಣು ಮೆನುವಿನಲ್ಲಿ ಬಲಗಡೆ ಸಾಲಿನ ಮೇಲೇ ಇರುತ್ತದೆ, ಅಲ್ಲಿ ರೇಟು ಇದೆ. ಮೆನು ಅವನ ಕೈಯಿಂದ ಪ್ರೀತಿಯಿಂದ ತೆಗೆದುಕೊಂಡು ನೀನೇ ಓದಿ ಹೇಳು, ತಿಂಡಿಯ ಹೆಸರು ಮಾತ್ರ ಓದು. ಬಡಿಸುವ ಹುಡುಗನನ್ನು ಏಯ್ ಅನ್ನಬೇಡ. ಅವನೂ ಯಾವುದೋ ಹಳ್ಳಿಯಿಂದ ಬಂದು ರಜೆಯ ದಿನ ಮನೆ ಬಿಟ್ಟು ನಿನಗೆ ನೀರು ಕೊಡುತ್ತಿದ್ದಾನೆ. ಹೆಸರು ಕೇಳಿ ಕರೆ. ನಿನ್ನ ಮಕ್ಕಳು ಅದನ್ನು ನೋಡಿ ಕಲಿಯುತ್ತಾರೆ.

ಮೇಜಿನ ಮೇಲೆ ಯಾರು ಏನು ತಿನ್ನುತ್ತಾರೆ ಅನ್ನುವುದಕ್ಕೆ ಮುಖ ಸಿಂಡರಿಸುವುದೂ ಬೇಡ. ಹರಿಹರದ ದೇವರನ್ನೇ ನೋಡು. ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಬಲಗಡೆ ಹರ, ಎಡಗಡೆ ಹರಿ, ಒಂದೇ ಮೈಯಲ್ಲಿ ನಿಂತಿದ್ದಾರೆ. ಅದೇ ಊರಿನ ಆರೋಗ್ಯಮಾತೆಯ ಚರ್ಚಿಗೆ ಸೆಪ್ಟೆಂಬರ್ 8ರ ಹಬ್ಬಕ್ಕೆ ದೂರದೂರದಿಂದ ಎಲ್ಲ ಜಾತಿಯವರೂ ಬರುತ್ತಾರೆ. ಅಂಥ ಊರಿನ ದಂಡೆಯಲ್ಲಿ ಮಾವ ಹೊಳೆ ಮೀನು ಹುರಿಸಿಕೊಂಡು ತಿಂದರೆ, ಅತ್ತೆ ಪುಂಡಿಪಲ್ಯದ ಜೊತೆ ರೊಟ್ಟಿ ತಿಂದರೆ, ಇಬ್ಬರೂ ಎದುರುಬದುರು ಕೂರಬಹುದು. ಬೇರೆ ಬೇರೆ ಪಾತ್ರೆ, ಬೇರೆ ಬೇರೆ ಸೌಟು ಇರಲಿ, ಹರಟೆ ಮಾತ್ರ ಒಂದೇ ಇರಲಿ. ನಮ್ಮ ದುರ್ಗಾಂಬಿಕೆ ಜಾತ್ರೆಯಲ್ಲಿ ನೆಂಟರು ತುಂಬಿದ ಮನೆಗಳಲ್ಲಿ ಇದು ನಡೆದೇ ಇದೆ.

ಹರಟೆ ಅಂದೆನಲ್ಲ, ಅದಕ್ಕೂ ಸ್ವಲ್ಪ ತಯಾರಿ ಬೇಕು. ಫೋನು ಮೇಜಿನ ಮೇಲಿದ್ದರೆ ಮಾತು ಹುಟ್ಟುವುದಿಲ್ಲ. ಒಂದು ಫೋಟೋ ತೆಗೆ, ಜೇಬಿಗಿಡು, ಆಮೇಲೆ ಅಜ್ಜನನ್ನು ಮಾತಿಗೆಳೆ. ಅಲ್ಲಿ ಕಾಣುವ ಹಳೆಯ ಸೇತುವೆ 1868ರದು. ಅದಕ್ಕೂ ಮೊದಲು ಹೊಳೆ ತುಂಬಿದರೆ ಹರಿಗೋಲೇ ಗತಿ. ಅದರ ಕಥೆ ಅವನ ಅಜ್ಜ ಅವನಿಗೆ ಹೇಳಿರುತ್ತಾನೆ, ಕೇಳು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥ್ ಮಾಡುತ್ತಿದ್ದ ಕಾಲ, ಕಾರ್ಖಾನೆ ಕೂಗಿಗೆ ಹರಿಹರದ ಗಡಿಯಾರಗಳೆಲ್ಲ ಸರಿಯಾಗುತ್ತಿದ್ದ ಕಾಲ, ಅದು ಮುಚ್ಚಿದಾಗ ಎಷ್ಟು ಮನೆಗಳ ದಿನಚರಿ ಮುರಿಯಿತು ಅನ್ನುವುದು, ಇವೆಲ್ಲ ನಿನಗೆ ಫೋನಿನಲ್ಲಿ ಸಿಗುವುದಿಲ್ಲ. ಹಿರಿಯರು ಮಾತಾಡುತ್ತಾ ಉಂಡರೆ ಎರಡು ತುತ್ತು ಹೆಚ್ಚು ಉಣ್ಣುತ್ತಾರೆ. ಇದು ನಾನು ಬಡಿಸಿ ಬಡಿಸಿ ಕಂಡುಕೊಂಡದ್ದು.

ಈಗ ಸ್ವಲ್ಪ ಗಟ್ಟಿಯಾಗಿ ಹೇಳುವ ಮಾತು. ಮಕ್ಕಳನ್ನು ಹೊಳೆಗೆ ಬಿಡುವಾಗ ಮೈಮರೆಯಬೇಡ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಇಲ್ಲಿಗೆ ಬರುತ್ತವೆ. ಮೇಲೆ ಗಾಜನೂರಿನಲ್ಲಿ ತುಂಗೆಗೆ ಅಣೆಕಟ್ಟು, ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು. ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮಲೆನಾಡಿನಲ್ಲಿ ಸುರಿದರೆ, ಮೇಲಿಂದ ನೀರು ಬಿಟ್ಟರೆ, ಇಲ್ಲಿ ಹೊಳೆ ಏರುತ್ತದೆ. ಮಳೆಗಾಲದಲ್ಲಿ ಹರಿಹರದ ಗಂಗಾನಗರದ ಮನೆಗಳಿಗೆ ನೀರು ನುಗ್ಗುವುದು ಹಾಗೇ. ಜುಲೈ, ಆಗಸ್ಟಿನಲ್ಲಿ ಹೊಳೆಯನ್ನು ದೂರದಿಂದ ನೋಡು, ಇಳಿಯಬೇಡ. ಬೇಸಿಗೆಯಲ್ಲಿ ಬಂಡೆ ಕಾಣುವಷ್ಟು ನೀರು ಇಳಿದಾಗಲೂ ನಂಬಬೇಡ. ಮರಳು ತೆಗೆದ ಗುಂಡಿಗಳಿವೆ. ಮೊಣಕಾಲುದ್ದ ಅಂತ ಇಟ್ಟ ಹೆಜ್ಜೆ ಆಳು ಮುಳುಗುವ ಕಡೆ ಇಳಿಯುತ್ತದೆ. ಮಕ್ಕಳ ಮೇಲೆ ಎಲ್ಲರ ಕಣ್ಣೂ ಇದೆ ಅಂದರೆ ಯಾರ ಕಣ್ಣೂ ಇಲ್ಲ ಅಂತ ತಿಳಿ. ಒಬ್ಬರಿಗೆ ಕೆಲಸ ಒಪ್ಪಿಸು. ಅವರು ಆ ಹೊತ್ತು ಉಣ್ಣುವುದೂ ಬೇಡ, ಹರಟೆಯೂ ಬೇಡ. ಇನ್ನೊಬ್ಬರು ಬಂದು ಜಾಗ ತೆಗೆದುಕೊಂಡ ಮೇಲೆ ಉಣ್ಣಲಿ.

ಕುಡಿತದ ಮಾತೂ ಬಿಡುವ ಹಾಗಿಲ್ಲ. ನೀನು ದೊಡ್ಡವನಾಗಿದ್ದೀಯ, ದುಡಿಯುತ್ತಿದ್ದೀಯ, ಒಂದು ಗ್ಲಾಸು ಬಿಯರಿಗೆ ನಾನು ಕೋಲು ಹಿಡಿದು ಬರುವುದಿಲ್ಲ. ಆದರೆ ಸ್ಟೇರಿಂಗ್ ಹಿಡಿಯುವ ಕೈ ಒಂದು ಗುಟುಕೂ ಮುಟ್ಟಬಾರದು. ನೂರು ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಮ್ ದಾಟಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ದಂಡ ಕಟ್ಟಿದರೆ ಮುಗಿಯಿತು ಅನ್ನಬೇಡ, ಹಿಂದಿನ ಸೀಟಿನಲ್ಲಿ ನಿನ್ನ ಮೂರು ತಲೆಮಾರು ಕೂತಿದೆ. ತಮ್ಮಂದಿರು ಜೊತೆಗಿದ್ದರೆ ರುಚಿ ನೋಡೋ ಅಂತ ಗ್ಲಾಸು ಮುಂದಿಡುವ ದೊಡ್ಡಸ್ತಿಕೆಯೂ ಬೇಡ.

ಇನ್ನು ದಂಡೆಯ ಮೇಲೆ ಬಾಟಲಿ ಬಿಚ್ಚುವವರ ಸಾಲಿಗೆ ನೀನು ಸೇರಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹಬ್ಬದ ಬೆಳಿಗ್ಗೆ ಬರಿಗಾಲಲ್ಲಿ ಹೊಳೆಗೆ ಇಳಿಯುವ ಹೆಂಗಸರ ಪಾದಕ್ಕೆ ಆ ಗಾಜು ಚುಚ್ಚುತ್ತದೆ. ಗಂಗಾ ಸ್ನಾನ, ತುಂಗಾ ಪಾನ ಅಂತ ಹಿರಿಯರು ಹೇಳಿದ ನೀರು ಇದು. ಹರಿಹರದ ಪಕ್ಕದ ರಾಜನಹಳ್ಳಿಯಿಂದ ಎತ್ತಿದ ಇದೇ ಹೊಳೆಯ ನೀರು ದಾವಣಗೆರೆಯ ನಿನ್ನ ಮನೆಯ ನಲ್ಲಿಗೆ ಬರುತ್ತದೆ. 1980ರ ದಶಕದಲ್ಲಿ ಈ ನೀರು ಕೆಡುತ್ತಿದೆ, ಮೀನು ಸಾಯುತ್ತಿವೆ ಅಂತ ದಂಡೆಯ ಹಳ್ಳಿಗರೂ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರೂ ವರ್ಷಗಟ್ಟಲೆ ಹೋರಾಡಿದ್ದಾರೆ. ಅವರು ಕಾರ್ಖಾನೆಯ ಕೊಳೆಯ ವಿರುದ್ಧ ಹೋರಾಡಿದ ದಂಡೆಯಲ್ಲಿ ನೀನು ಪ್ಲಾಸ್ಟಿಕ್ ತಟ್ಟೆ ಬಿಟ್ಟು ಬರುವುದು ಯಾವ ನ್ಯಾಯ? ಮುತ್ತುಗದ ಎಲೆ, ಬಾಳೆ ಎಲೆ ಒಯ್ಯಿ. ಇಲ್ಲವೇ ಮನೆಯ ಸ್ಟೀಲ್ ತಟ್ಟೆ ಒಯ್ಯಿ, ತೊಳೆಯುವುದು ಎಷ್ಟು ಹೊತ್ತು? ಮಿಂದ ಮೇಲೆ ಹಳೆ ಬಟ್ಟೆಯನ್ನು ಹೊಳೆಗೆ ಬಿಡುವ ರೂಢಿಯನ್ನೂ ನಿನ್ನ ಕಾಲಕ್ಕೆ ನಿಲ್ಲಿಸು. ಹಿರಿಯರು ಬಿಡುತ್ತಿದ್ದರು ಅಂತ ನನ್ನನ್ನೇ ಎದುರು ಹಾಕಬೇಡ. ಆಗ ಅಷ್ಟು ಜನ ಇರಲಿಲ್ಲ, ಅಷ್ಟು ನೈಲಾನೂ ಇರಲಿಲ್ಲ.

ಇಷ್ಟೆಲ್ಲ ಕೇಳಿ ನಿನಗೆ ಬೇಸರ ಬಂದಿರಬಹುದು. ಊಟಕ್ಕೆ ಹೊರಟರೆ ಇಷ್ಟು ಕಟ್ಟಳೆಯೇ ಅನ್ನುತ್ತೀಯ. ಕಟ್ಟಳೆ ಅಲ್ಲ ಮಗಾ, ನಿನ್ನ ಮೇಲೆ ನಂಬಿಕೆ. ನಿನಗೆ ದುಡ್ಡಿದೆ, ಕಾರಿದೆ, ಮನಸ್ಸೂ ಇದೆ. ಎರಡು ತಾಸಿನ ಜಾಗದಲ್ಲಿ ಇಡೀ ಮಧ್ಯಾಹ್ನ ಕೊಡಲು ಕಲಿತರೆ ನಮ್ಮ ವಾರಗೆಯವರಿಗೆ ಬೇರೇನೂ ಬೇಡ. ಊಟ ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿರು. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳಲಿ, ಮಕ್ಕಳು ಕಲ್ಲು ಆರಿಸಲಿ, ಅಪ್ಪ ಜಮಖಾನದ ಮೇಲೆ ಕಣ್ಣು ಮುಚ್ಚಲಿ.

ಒಂದೇ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಆ ಬುತ್ತಿಯ ದಿನ ನಾವು ದಂಡೆಯಲ್ಲಿ ಹಾಯಾಗಿ ಕೂತೆವು ಅಂದೆನಲ್ಲ, ಅದಕ್ಕೂ ಮೊದಲು ರಾತ್ರಿಯಿಡೀ ರೊಟ್ಟಿ ತಟ್ಟಿದ ಕೈ ನಮ್ಮದೇ ಆಗಿತ್ತು. ಈಗಲೂ ನಿಮ್ಮ ಮನೆಯಲ್ಲಿ ಅದು ಅವ್ವನ ಕೈಯೇ. ಗಂಡುಹುಡುಗ, ಹೆಣ್ಣುಹುಡುಗಿ ಅನ್ನದೆ ಈ ಸಂಕ್ರಾಂತಿಗೆ ನೀವು ಕೂತು ತಟ್ಟಿ. ಕುದಿಯುವ ನೀರು ಹಾಕಿ ಸಜ್ಜೆ ಹಿಟ್ಟು ಚೆನ್ನಾಗಿ ನಾದಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ. ಸೀಳಿದರೂ ಪರವಾಗಿಲ್ಲ, ಎಳ್ಳು ಹಚ್ಚಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ಬುತ್ತಿಗೆ ಇಡಿ. ಅವ್ವ ಅವತ್ತು ತಡವಾಗಿ ಏಳಲಿ, ಸೀರೆ ಉಟ್ಟು ನೇರವಾಗಿ ಕಾರಿಗೆ ಬಂದು ಕೂರಲಿ.